ಚೆಕ್ ಎಂಜಿನ್ ದೀಪ ಹತ್ತಿದಾಗ ಫೋನ್ ಏನು ಹೇಳಬಲ್ಲದು?

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿನ ಚೆಕ್ ಎಂಜಿನ್ ದೀಪ ಆಗಾಗ ಹತ್ತುತ್ತದೆ. ಗ್ಯಾರೇಜಿಗೆ ಹೋದರೆ ಸ್ಕ್ಯಾನರ್ ಚುಚ್ಚಿ ಏನೋ ಅಳಿಸಿ ಕಳಿಸುತ್ತಾರೆ. ಕೆಲವು ವಾರ ಸುಮ್ಮನಿದ್ದು ಮತ್ತೆ ಹತ್ತುತ್ತದೆ. ಬ್ಲೂಟೂತ್ ಅಡಾಪ್ಟರ್ ಕೊಂಡು ನಾನೇ ಫೋನಿನಲ್ಲಿ ನೋಡಬಹುದಾ? ನನ್ನದು ಐಫೋನ್. ಮನೆಯಲ್ಲಿ ಹಳೇ ಆಂಡ್ರಾಯ್ಡ್ ಟ್ಯಾಬ್ಲೆಟ್ ಒಂದಿದೆ. ಯಾವುದಕ್ಕೆ ಯಾವ ಅಡಾಪ್ಟರ್ ಸರಿಹೊಂದುತ್ತದೆ? ಅದನ್ನು ಸದಾ ಕಾರಿನಲ್ಲೇ ಬಿಟ್ಟರೆ ತೊಂದರೆ ಇದೆಯಾ?

ಉತ್ತರ: ನೋಡಬಹುದು, ಖಂಡಿತ. ಗ್ಯಾರೇಜಿನ ಸ್ಕ್ಯಾನರ್ ಮಾಡುವ ಕೆಲಸದಲ್ಲಿ ಸಾಕಷ್ಟು ಪಾಲನ್ನು ಒಂದು ಪುಟ್ಟ ಅಡಾಪ್ಟರ್ ಮತ್ತು ನಿಮ್ಮ ಫೋನ್ ಸೇರಿ ಮಾಡುತ್ತವೆ. ಆದರೆ ಅಡಾಪ್ಟರ್ ಕೈಗೆ ಬಂದ ದಿನ ಒಂದು ಕೆಲಸ ಮಾತ್ರ ಮಾಡಬೇಡಿ. ಆ್ಯಪ್‌ನಲ್ಲಿ ‘ಕ್ಲಿಯರ್’ ಅಂತ ಒಂದು ಗುಂಡಿ ಇರುತ್ತದೆ, ಅದನ್ನು ಒತ್ತಬೇಡಿ. ನಿಮ್ಮ ಕಾರಿನ ವಿಷಯ ಕೇಳಿದರೆ ಗಂಟು ಬಿದ್ದಿರುವುದೇ ಅಲ್ಲಿ ಅನಿಸುತ್ತದೆ. ಪ್ರತಿಸಲ ಕೋಡ್, ಅಂದರೆ ಕಾರು ಬರೆದಿಟ್ಟುಕೊಂಡ ದೋಷದ ಗುರುತು, ಅಳಿಸಿದಾಗ ಅದರ ಜೊತೆಗಿದ್ದ ಸಾಕ್ಷಿಯೂ ಅಳಿಸಿ ಹೋಗುತ್ತಿದೆ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ. ಮೊದಲು ಸಾಮಾನಿನ ವಿಚಾರ ಮುಗಿಸೋಣ.

ಸ್ಟೀರಿಂಗ್ ಕೆಳಗೆ, ಚಾಲಕರ ಮೊಣಕಾಲಿನ ಆಸುಪಾಸಿನಲ್ಲಿ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಎರಡು ಸಾಲು, ಸಾಲಿಗೆ ಎಂಟು ಪಿನ್. ಕೆಲವು ಕಾರುಗಳಲ್ಲಿ ಅದು ಯಾವುದೋ ಮುಚ್ಚಳದ ಹಿಂದೆ ಅಡಗಿರುತ್ತದೆ, ಬಗ್ಗಿ ಟಾರ್ಚ್ ಹಾಕಿ ನೋಡಬೇಕು. ಅದೇ ಒಬಿಡಿ-2 ಪೋರ್ಟ್, ಕಾರು ತನ್ನ ದೋಷವನ್ನು ತಾನೇ ಹೇಳುವ ವ್ಯವಸ್ಥೆಯ ಸಾಕೆಟ್. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಎಲ್ಲ ಕಾರುಗಳಿಗೂ ಇದು ಕಡ್ಡಾಯವಾಯಿತು. ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ, ಡೀಸೆಲ್ ಕಾರುಗಳಿಗೆ 2004ರಿಂದ. ಹೊಗೆಯ ವಿಷವನ್ನು ಹಿಡಿತದಲ್ಲಿಡಲು ಬಂದ ನಿಯಮ ಇದು. ಹಾಗಾಗಿ ಎಂಜಿನ್‌ಗೆ ಮತ್ತು ಹೊಗೆಗೆ ಸಂಬಂಧಪಟ್ಟ ಮಾಹಿತಿ ಯಾವ ಕಂಪನಿಯ ಕಾರಾದರೂ ಒಂದೇ ರೀತಿಯಲ್ಲಿ ಸಿಗಬೇಕು. ಬ್ರೇಕ್, ಏರ್‌ಬ್ಯಾಗ್, ಎಸಿ, ಬಾಗಿಲು ಇವೆಲ್ಲ ಆ ನಿಯಮದ ಹೊರಗೆ. ಅಲ್ಲಿ ಕಂಪನಿಗೊಂದು ದಾರಿ.

ಅಡಾಪ್ಟರ್ ಮಾಡುವುದು ದುಭಾಷಿ ಕೆಲಸ. ಕಾರಿನೊಳಗಿನ ಕಂಪ್ಯೂಟರುಗಳು ಪರಸ್ಪರ ಮಾತಾಡುವುದು ಕ್ಯಾನ್ ಎಂಬ ಜಾಲದಲ್ಲಿ. ಬಾಷ್ ಕಂಪನಿ 1986ರಲ್ಲಿ ಹೊರತಂದ ವ್ಯವಸ್ಥೆ ಅದು. ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳಲ್ಲಿ ಅದರ ಎರಡು ತಂತಿಗಳು ಬಂದು ನಿಂತಿರುತ್ತವೆ. ಹಳೇ ಕಾರಾದರೆ 7ನೇ ಪಿನ್ನಿನಲ್ಲಿ ಕೆ-ಲೈನ್ ಎಂಬ ನಿಧಾನದ ತಂತಿ ಇರಬಹುದು. 4ನೇ ಪಿನ್ ಅರ್ಥ್. 16ನೇ ಪಿನ್ ನೇರ ಬ್ಯಾಟರಿಯಿಂದ ಬರುತ್ತದೆ, ಕೀ ತೆಗೆದರೂ ಅಲ್ಲಿ ಕರೆಂಟ್ ಇರುತ್ತದೆ. ಈ 16ನೇ ಪಿನ್ನನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಕೊನೆಯ ಪ್ರಶ್ನೆಗೆ ಬೇಕಾಗುತ್ತದೆ.

ಫೋನ್ ಮತ್ತು ಅಡಾಪ್ಟರ್ ನಡುವೆ ನಡೆಯುವ ಮಾತು ಬಹಳ ಸರಳ. ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಎಷ್ಟು ಬಿಸಿ ಇದೆ ಅಂತ ಕೇಳಬೇಕಾದರೆ ಆ್ಯಪ್ 0105 ಅಂತ ಕಳಿಸುತ್ತದೆ. 01 ಅಂದರೆ ‘ಈಗಿನ ಮಾಹಿತಿ ಕೊಡು’, 05 ಅಂದರೆ ‘ಕೂಲೆಂಟ್ ತಾಪ’. ಕಾರಿನಿಂದ 41 05 80 ಅಂತ ಉತ್ತರ ಬರುತ್ತದೆ. ಕೊನೆಯ 80 ಹದಿನಾರರ ಲೆಕ್ಕದ ಸಂಖ್ಯೆ. ನಮ್ಮ ಲೆಕ್ಕದಲ್ಲಿ ಅದು 128. ಅದರಲ್ಲಿ 40 ಕಳೆದರೆ 88 ಡಿಗ್ರಿ ಸೆಲ್ಸಿಯಸ್. 40 ಯಾಕೆ ಕಳೆಯಬೇಕು ಅಂದರೆ ಮೈನಸ್ 40 ಡಿಗ್ರಿಯ ಚಳಿಯನ್ನೂ ಒಂದೇ ಬೈಟ್‌ನಲ್ಲಿ ಹೇಳಬೇಕಲ್ಲ. ಪರದೆ ಮೇಲೆ ಕುಣಿಯುವ ಬಣ್ಣಬಣ್ಣದ ಮೀಟರುಗಳ ಹಿಂದೆ ಇರುವುದು ಇಷ್ಟೇ, ಒಂದು ಪ್ರಶ್ನೆ ಮತ್ತು ಒಂದು ಉತ್ತರ. ಒಂದಾದ ಮೇಲೆ ಒಂದು. ಅದಕ್ಕೇ ಹತ್ತು ಮೀಟರ್ ಒಟ್ಟಿಗೆ ಇಟ್ಟರೆ ಎಲ್ಲವೂ ನಿಧಾನವಾಗುತ್ತವೆ. ಏನನ್ನಾದರೂ ಹುಡುಕುತ್ತಿದ್ದರೆ ಮೂರು ನಾಲ್ಕು ಮೀಟರ್ ಸಾಕು.

ಈಗ ನಿಮ್ಮ ಐಫೋನ್. ಇಲ್ಲಿ ಜನ ಜಾಸ್ತಿ ಮೋಸ ಹೋಗುತ್ತಾರೆ. ಬ್ಲೂಟೂತ್‌ನಲ್ಲಿ ಎರಡು ಬಗೆ: ಹಳೇ ಕ್ಲಾಸಿಕ್ ಬ್ಲೂಟೂತ್ ಮತ್ತು ಕಡಿಮೆ ಕರೆಂಟಿನ ಬಿಎಲ್‌ಇ. ಅಗ್ಗದ ಅಡಾಪ್ಟರುಗಳಲ್ಲಿ ಹೆಚ್ಚಿನವು ಕ್ಲಾಸಿಕ್. ಆಪಲ್ ತನ್ನಿಂದ ಪ್ರಮಾಣಪತ್ರ ಪಡೆದ ಸಾಧನಗಳಿಗೆ ಮಾತ್ರ ಕ್ಲಾಸಿಕ್ ದಾರಿಯಲ್ಲಿ ಆ್ಯಪ್ ಜೊತೆ ಮಾತಾಡಲು ಬಿಡುತ್ತದೆ. ಆದ್ದರಿಂದ ಡಬ್ಬಿಯ ಮೇಲೆ ಬರೀ ‘ಬ್ಲೂಟೂತ್’ ಅಂತ ಇದ್ದರೆ ಅದು ಐಫೋನಿಗೆ ಬರುತ್ತದೆ ಅಂದುಕೊಳ್ಳಬೇಡಿ. ಬಿಎಲ್‌ಇ ಅಥವಾ ಬ್ಲೂಟೂತ್ 4.0 ಅಂತಲೂ, ಐಒಎಸ್‌ಗೆ ಹೊಂದುತ್ತದೆ ಅಂತಲೂ ಸ್ಪಷ್ಟವಾಗಿ ಬರೆದಿರಬೇಕು. ಇಲ್ಲದಿದ್ದರೆ ವೈ-ಫೈ ಅಡಾಪ್ಟರ್ ತಗೊಳ್ಳಿ. ಆಂಡ್ರಾಯ್ಡ್ ಟ್ಯಾಬ್ಲೆಟ್‌ಗೆ ಈ ತಲೆನೋವಿಲ್ಲ, ಮೂರೂ ನಡೆಯುತ್ತವೆ. ತೀರಾ ಹಳೇ ಟ್ಯಾಬ್ಲೆಟ್ ಆದರೆ ಬಿಎಲ್‌ಇಗೆ ಆಂಡ್ರಾಯ್ಡ್ 4.3 ಅಥವಾ ಮುಂದಿನದು ಬೇಕು, ಅಷ್ಟೆ. ಇವತ್ತಿನ ಆ್ಯಪ್‌ಗಳು ಅದಕ್ಕಿಂತ ಹೊಸ ಆಂಡ್ರಾಯ್ಡ್ ಕೇಳಬಹುದು, ಅದನ್ನು ಮೊದಲೇ ನೋಡಿಕೊಳ್ಳಿ.

ಎರಡನ್ನೂ ಬಳಸಬೇಕು ಅಂತಿದ್ದರೆ ಬಿಎಲ್‌ಇ ಮತ್ತು ಕ್ಲಾಸಿಕ್ ಎರಡೂ ಇರುವ ಅಡಾಪ್ಟರ್ ತಗೊಳ್ಳಿ. ನಾನಾದರೆ ನಿಮ್ಮ ಜಾಗದಲ್ಲಿ ಅದನ್ನೇ ಆರಿಸುತ್ತೇನೆ. ವೈ-ಫೈ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಫೋನು ಅಡಾಪ್ಟರಿನ ವೈ-ಫೈಗೆ ಸೇರಿದ ತಕ್ಷಣ ‘ಇಲ್ಲಿ ಇಂಟರ್‌ನೆಟ್ ಇಲ್ಲ’ ಅಂತ ಗೊಣಗುತ್ತದೆ. ಆಮೇಲೆ ತಾನಾಗಿಯೇ ಬಿಟ್ಟು ಬೇರೆ ಜಾಲಕ್ಕೆ ಜಿಗಿಯುವುದೂ ಉಂಟು.

ಜೋಡಿಸುವಾಗ ಎಡವುವುದು ಸಣ್ಣ ಸಣ್ಣ ಕಡೆಗಳಲ್ಲಿ. ಕ್ಲಾಸಿಕ್ ಅಡಾಪ್ಟರನ್ನು ಆಂಡ್ರಾಯ್ಡ್‌ನ ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ ಮೊದಲು ಪೇರ್ ಮಾಡಬೇಕು. ಆಗ ಕೇಳುವ ಗುಪ್ತ ಸಂಖ್ಯೆ ಸಾಮಾನ್ಯವಾಗಿ 1234 ಅಥವಾ 0000. ಬಿಎಲ್‌ಇ ಅಡಾಪ್ಟರನ್ನು ಸೆಟ್ಟಿಂಗ್‌ನಲ್ಲಿ ಹುಡುಕಬೇಡಿ, ಆ್ಯಪ್ ಒಳಗಿನಿಂದಲೇ ಆರಿಸಿ. ಆಂಡ್ರಾಯ್ಡ್ 6ರಿಂದ 11ರವರೆಗೆ ಬಿಎಲ್‌ಇ ಹುಡುಕಾಟಕ್ಕೆ ಲೊಕೇಶನ್ ಆನ್ ಇರಬೇಕು, ಅನುಮತಿಯೂ ಬೇಕು. 12ರಿಂದ ‘ಹತ್ತಿರದ ಸಾಧನಗಳು’ ಅನ್ನುವ ಬೇರೆ ಅನುಮತಿ ಬಂತು. ವೈ-ಫೈ ಆದರೆ ಆ್ಯಪ್‌ನಲ್ಲಿ ಸಾಮಾನ್ಯವಾಗಿ 192.168.0.10 ವಿಳಾಸ, 35000 ಪೋರ್ಟ್ ಕೊಡಬೇಕು. ಐಒಎಸ್ 14ರಿಂದ ಐಫೋನ್ ‘ಲೋಕಲ್ ನೆಟ್‌ವರ್ಕ್ ಬಳಸಲು ಬಿಡಲೇ?’ ಅಂತ ಕೇಳುತ್ತದೆ. ಅಭ್ಯಾಸಬಲದಿಂದ ಬೇಡ ಅಂತ ಒತ್ತಿದಿರೋ, ಆ್ಯಪ್ ಸಂಪರ್ಕ ಸಿಗದೆ ಸುಮ್ನೆ ಸುತ್ತುತ್ತಿರುತ್ತದೆ. ಇನ್ನೊಂದು ವಿಷಯ. ಸಾಮಾನ್ಯವಾಗಿ ಈ ಅಡಾಪ್ಟರುಗಳು ಒಂದು ಸಲಕ್ಕೆ ಒಂದೇ ಸಾಧನದ ಜೊತೆ ಮಾತಾಡುತ್ತವೆ. ಫೋನ್ ಹಿಡಿದುಕೊಂಡಿದ್ದರೆ ಟ್ಯಾಬ್ಲೆಟ್‌ಗೆ ಸಿಗುವುದಿಲ್ಲ. ಎಷ್ಟೋ ಸಲ ‘ಅಡಾಪ್ಟರ್ ಕೆಟ್ಟಿದೆ’ ಅಂತ ಬರುವ ದೂರು ಇದೇ ಆಗಿರುತ್ತದೆ.

ಕೊಳ್ಳುವಾಗ ಎಲ್ಲೆಲ್ಲೂ ಇಎಲ್‌ಎಂ327 ಅನ್ನುವ ಹೆಸರು ಕಾಣುತ್ತದೆ. ಈ ದುಭಾಷಿ ಕೆಲಸಕ್ಕೆ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಮಾಡಿದ ಚಿಪ್ ಅದು. ಅದರ ಮೊದಲ ಆವೃತ್ತಿಗೆ ನಕಲು ತಡೆಯುವ ಬೀಗ ಇರಲಿಲ್ಲ, ನಕಲು ಮಾಡುವವರು ಬಿಟ್ಟಾರೆಯೇ? ಎಲ್ಮ್ ಕಂಪನಿ 2022ರಲ್ಲಿ ಬಾಗಿಲು ಹಾಕಿತು, ನಕಲುಗಳು ಇನ್ನೂ ಬರುತ್ತಲೇ ಇವೆ. ಜಾಹೀರಾತುಗಳಲ್ಲಿ ‘ಆವೃತ್ತಿ 1.5’ ಅಂತ ಹೆಮ್ಮೆಯಿಂದ ಹಾಕಿರುತ್ತಾರೆ. ಎಲ್ಮ್ ಅಂಥ ಆವೃತ್ತಿಯನ್ನು ಬಿಡುಗಡೆ ಮಾಡಿಯೇ ಇರಲಿಲ್ಲ! ನಕಲು ಅಂದಮಾತ್ರಕ್ಕೆ ಕೆಲಸಕ್ಕೆ ಬಾರದ್ದು ಅಂತಲ್ಲ. ಕೋಡ್ ಓದಲು, ನಾಲ್ಕು ಮೀಟರ್ ನೋಡಲು ಹಲವು ನಕಲುಗಳು ಸಾಕು. ಆದರೆ ಕೆಲವು ನಕಲುಗಳು ಅರ್ಧ ಆದೇಶಗಳಿಗೆ ಉತ್ತರವನ್ನೇ ಕೊಡುವುದಿಲ್ಲ. ಉದ್ದದ ಉತ್ತರ ಬಂದರೆ ತುಂಡರಿಸುತ್ತವೆ. ಚಿಪ್ಪನ್ನು ಕೇಳಿದರೆ ತನ್ನ ಆವೃತ್ತಿ 2.1 ಅಂತಲೂ ಹೇಳಿಕೊಳ್ಳುತ್ತದೆ. ಅದನ್ನು ನಂಬಬೇಕಿಲ್ಲ.

ಪರೀಕ್ಷೆ ಮಾಡಲು ಒಂದು ಸುಲಭದ ದಾರಿ ಇದೆ. ಆ್ಯಪ್‌ನಲ್ಲಿ ಕಾರಿನ ವಿಐಎನ್, ಅಂದರೆ ಚಾಸಿ ನಂಬರ್ ಓದಿಸಿ. ಅದು 17 ಅಕ್ಷರಗಳದ್ದು. ಕ್ಯಾನ್ ಜಾಲದ ಒಂದು ಸಂದೇಶದಲ್ಲಿ ಎಂಟು ಬೈಟ್ ಮಾತ್ರ ಹಿಡಿಯುತ್ತದೆ. ಹಾಗಾಗಿ ಚಾಸಿ ನಂಬರ್ ತುಂಡುತುಂಡಾಗಿ ಬರುತ್ತದೆ, ಅಡಾಪ್ಟರ್ ಅದನ್ನು ಬಿಡದೆ ಒಪ್ಪಿಸಬೇಕು. ಕಾರಿನ ದಾಖಲೆಯಲ್ಲಿರುವ ನಂಬರಿಗೂ ಪರದೆಯ ನಂಬರಿಗೂ ತಾಳೆಯಾದರೆ ಒಳ್ಳೇ ಲಕ್ಷಣ. ಅರ್ಧ ಬಂದು ನಿಂತರೆ ವಾಪಸ್ ಕಳಿಸುವ ಯೋಚನೆ ಮಾಡಿ. ಈ ಗೊಡವೆಯೇ ಬೇಡ ಅಂದರೆ ಒಬಿಡಿಲಿಂಕ್, ವಿಲಿಂಕರ್ ತರಹದ ಹೆಸರಿರುವವನ್ನು ಕೊಳ್ಳಬಹುದು. ಹಣ ಎಲ್ಲಿ ಹಾಕಬೇಕು ಅಂತ ಕೇಳಿದರೆ ನನ್ನ ಉತ್ತರ ಒಂದೇ, ಆ್ಯಪ್‌ಗಿಂತ ಮೊದಲು ಅಡಾಪ್ಟರಿಗೆ. ಆ್ಯಪ್‌ಗಳಲ್ಲಿ ಕಾರ್ ಸ್ಕ್ಯಾನರ್ ಐಫೋನ್, ಆಂಡ್ರಾಯ್ಡ್ ಎರಡೂ ಕಡೆ ಇದೆ, ಒಬಿಡಿ ಫ್ಯೂಷನ್ ಕೂಡ. ಟಾರ್ಕ್ ಆಂಡ್ರಾಯ್ಡ್‌ಗೆ. ಫೋರ್ಡ್ ಕಾರಾದರೆ ಫೋರ್‌ಸ್ಕ್ಯಾನ್ ಒಳ್ಳೆಯದು. ಮೊದಲು ಯಾವುದಾದರೂ ಒಂದರ ಉಚಿತ ಆವೃತ್ತಿಯಲ್ಲಿ ನೋಡಿ.

ಸರಿ, ಜೋಡಣೆ ಆಯಿತು. ಇಗ್ನಿಷನ್ ಆನ್ ಮಾಡಿ. ಎಂಜಿನ್ ಚಾಲೂ ಆಗಬೇಕಿಲ್ಲ. ಕೋಡ್ ಓದಿ ಅಂತ ಒತ್ತಿದರೆ ಪಿ0171 ಅಂತಲೋ ಪಿ0301 ಅಂತಲೋ ಬರುತ್ತದೆ. ಪಿ ಅಂದರೆ ಎಂಜಿನ್ ಮತ್ತು ಗೇರ್ ಕಡೆಯದು. ಸಿ ಅಂದರೆ ಬ್ರೇಕ್, ಸಸ್ಪೆನ್ಷನ್ ಕಡೆ. ಬಿ ಬಾಡಿ, ಯು ಅಂದರೆ ಕಂಪ್ಯೂಟರುಗಳ ನಡುವಿನ ಮಾತುಕತೆಯ ತಕರಾರು. ಪಿ ಆದ ಮೇಲೆ 0 ಇದ್ದರೆ ಎಲ್ಲ ಕಂಪನಿಗೂ ಒಂದೇ ಅರ್ಥ. 1 ಇದ್ದರೆ ಅರ್ಥ ಕಂಪನಿಗೆ ಬಿಟ್ಟದ್ದು. ಇಲ್ಲಿ ಹುಷಾರು. ಉಚಿತ ಆ್ಯಪ್‌ಗಳು ಪಿ1ರಿಂದ ಶುರುವಾಗುವ ಕೋಡಿಗೆ ಬೇರೆ ಯಾವುದೋ ಕಂಪನಿಯ ಅರ್ಥ ತೋರಿಸಿಬಿಡುತ್ತವೆ. ಆಗ ನಿಮ್ಮ ಕಾರಿನ ಹೆಸರು ಸೇರಿಸಿಯೇ ಆ ಕೋಡ್ ಹುಡುಕಬೇಕು.

ಕೋಡ್ ಸಿಕ್ಕಿತು ಅಂದರೆ ಕೆಟ್ಟ ಭಾಗ ಸಿಕ್ಕಿತು ಅಂತಲ್ಲ. ಕೋಡ್ ಹೇಳುವುದು ಇಷ್ಟು: ಈ ಅಳತೆ ಇರಬೇಕಾದ ಹಾಗೆ ಇಲ್ಲ ಅಂತ ಕಂಪ್ಯೂಟರಿಗೆ ಅನಿಸಿದೆ. ಯಾಕೆ ಇಲ್ಲ ಅನ್ನುವುದನ್ನು ನಾವು ಹುಡುಕಬೇಕು. ಹುಡುಕಲು ಎರಡು ಸಾಧನ ನಿಮ್ಮ ಫೋನಿನಲ್ಲೇ ಇವೆ. ಒಂದು ಫ್ರೀಜ್ ಫ್ರೇಮ್, ಇನ್ನೊಂದು ಲೈವ್ ಡೇಟಾ. ಎಷ್ಟೋ ಜನ ಈ ಪುಟಗಳನ್ನು ತೆರೆದೂ ನೋಡುವುದಿಲ್ಲ.

ಫ್ರೀಜ್ ಫ್ರೇಮ್ ಅಂದರೆ ಕೋಡ್ ದಾಖಲಾದ ಕ್ಷಣದಲ್ಲಿ ಎಂಜಿನ್ ಹೇಗಿತ್ತು ಅನ್ನುವ ಲೆಕ್ಕ. ಆರ್‌ಪಿಎಂ ಎಷ್ಟು, ವೇಗ ಎಷ್ಟು, ಕೂಲೆಂಟ್ ಎಷ್ಟು ಬಿಸಿ, ಎಂಜಿನ್ ಮೇಲೆ ಹೊರೆ ಎಷ್ಟು, ಎಲ್ಲ ಅದರಲ್ಲಿ ಇರುತ್ತದೆ. ನಿಮ್ಮದು ಪಿ0301 ಅಂದುಕೊಳ್ಳಿ, ಮೊದಲನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಫ್ರೀಜ್ ಫ್ರೇಮ್‌ನಲ್ಲಿ ಕೂಲೆಂಟ್ 25 ಡಿಗ್ರಿ, ವೇಗ ಸೊನ್ನೆ, ಆರ್‌ಪಿಎಂ ಸಾವಿರದ ಆಸುಪಾಸು ಇದ್ದರೆ ಬೆಳಗ್ಗೆ ತಣ್ಣಗೆ ಸ್ಟಾರ್ಟ್ ಮಾಡಿದಾಗ ಆದದ್ದು. ಕೂಲೆಂಟ್ 95, ಹೊರೆ ಜಾಸ್ತಿ ಇದ್ದರೆ ಏರು ಹತ್ತುವಾಗಲೋ ಓವರ್‌ಟೇಕ್ ಮಾಡುವಾಗಲೋ ಆದದ್ದು. ಹೊರೆ ಬಿದ್ದಾಗ ಮಾತ್ರ ತಪ್ಪುತ್ತಿದ್ದರೆ ನನ್ನ ಅನುಮಾನ ಮೊದಲು ಇಗ್ನಿಷನ್ ಕಾಯಿಲ್ ಮತ್ತು ಸ್ಪಾರ್ಕ್ ಪ್ಲಗ್ ಮೇಲೆ. ಸಿಲಿಂಡರಿಗೊಂದು ಕಾಯಿಲ್ ಇರುವ ಎಂಜಿನ್ ಆದರೆ ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಮೊದಲನೇ ಮತ್ತು ಎರಡನೇ ಸಿಲಿಂಡರಿನ ಕಾಯಿಲ್ ಅದಲುಬದಲು ಮಾಡಿ ಓಡಿಸಿ. ಮುಂದಿನ ಕೋಡ್ ಪಿ0302 ಆಗಿ ಬಂದರೆ ತಪ್ಪು ಕಾಯಿಲ್ ಜೊತೆ ಹೋಯಿತು ಅಂತ ತಿಳಿಯಿತು. ಪಿ0301 ಅಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಶನ್ ಕಡೆ ನೋಡಬೇಕು. ಒಂದೂ ಹೊಸ ಭಾಗ ಕೊಳ್ಳದೆ ಆಗುವ ಪರೀಕ್ಷೆ ಇದು.

ಒಂದು ಎಚ್ಚರಿಕೆ. ದೀಪ ಸುಮ್ಮನೆ ಹತ್ತಿಕೊಂಡಿರುವುದು ಬೇರೆ, ಮಿಣುಕುವುದು ಬೇರೆ. ಮಿಣುಕುತ್ತಿದ್ದರೆ ಮಿಸ್‌ಫೈರ್ ಜೋರಾಗಿದೆ, ಸುಡದ ಪೆಟ್ರೋಲ್ ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತಿದೆ ಅಂತ ಅರ್ಥ. ಆಗ ಆಕ್ಸಿಲರೇಟರ್ ಬಿಟ್ಟು, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಫೋನ್ ಆಮೇಲೆ.

ಈಗ ಲೈವ್ ಡೇಟಾ. ಇದರಲ್ಲಿ ನನಗೆ ಅತಿ ಇಷ್ಟವಾದದ್ದು ಫ್ಯೂಯಲ್ ಟ್ರಿಮ್. ಕಂಪ್ಯೂಟರ್ ಗಾಳಿಯ ಲೆಕ್ಕ ಹಾಕಿ ಅದಕ್ಕೆ ತಕ್ಕ ಪೆಟ್ರೋಲ್ ಬಿಡುತ್ತದೆ. ಹೊಗೆಯಲ್ಲಿರುವ ಆಕ್ಸಿಜನ್ ಸೆನ್ಸರ್ ‘ಇಂಧನ ಕಡಿಮೆ ಆಯಿತು’ ಅಂದರೆ ಸ್ವಲ್ಪ ಹೆಚ್ಚು ಬಿಡುತ್ತದೆ. ‘ಜಾಸ್ತಿ ಆಯಿತು’ ಅಂದರೆ ಕಡಿಮೆ ಮಾಡುತ್ತದೆ. ಹೀಗೆ ಎಷ್ಟು ಶೇಕಡಾ ತಿದ್ದಿಕೊಂಡಿದೆ ಅನ್ನುವುದೇ ಟ್ರಿಮ್. ಶಾರ್ಟ್ ಟರ್ಮ್ ಟ್ರಿಮ್ ಕ್ಷಣಕ್ಷಣಕ್ಕೂ ಕುಣಿಯುತ್ತದೆ. ಲಾಂಗ್ ಟರ್ಮ್ ಟ್ರಿಮ್ ಕಲಿತು ನೆನಪಿಟ್ಟುಕೊಂಡದ್ದು. ಎರಡನ್ನೂ ಕೂಡಿಸಿ ನೋಡಬೇಕು. ಸೊನ್ನೆಯಿಂದ ಐದು ಆಕಡೆ ಐದು ಈಕಡೆ ಇದ್ದರೆ ಚಿಂತೆಯಿಲ್ಲ. ಹತ್ತು ದಾಟಿ ಅಲ್ಲೇ ನಿಂತರೆ ಏನೋ ಇದೆ.

ಪಿ0171 ಬಂದಿದೆ ಅನ್ನಿ. ‘ಮಿಶ್ರಣದಲ್ಲಿ ಇಂಧನ ಸಾಲದು’ ಅಂತ ಅದರ ಅರ್ಥ. ಇದನ್ನು ನೋಡಿದವರು ಆಕ್ಸಿಜನ್ ಸೆನ್ಸರ್ ಬದಲಿಸಿ ಅನ್ನುತ್ತಾರೆ. ಪಾಪ, ಸೆನ್ಸರ್ ಎಷ್ಟೋ ಸಲ ಇದ್ದದ್ದನ್ನು ಇದ್ದಹಾಗೆ ಹೇಳುತ್ತಿರುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಕಾರು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ಟ್ರಿಮ್ ನೋಡಿ. ಆಮೇಲೆ ಆಕ್ಸಿಲರೇಟರ್ ನಿಧಾನವಾಗಿ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದು ಮತ್ತೆ ನೋಡಿ. ಐಡಲ್‌ನಲ್ಲಿ 18 ಇದ್ದದ್ದು 2500ರಲ್ಲಿ 4ಕ್ಕೆ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ. ಒಡೆದ ವ್ಯಾಕ್ಯೂಮ್ ಪೈಪೋ, ಇನ್‌ಟೇಕ್‌ನ ಗ್ಯಾಸ್ಕೆಟ್ಟೋ ಇರಬೇಕು. ಕಾರಣ ಸುಲಭ. ಐಡಲ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ. ಅದರಲ್ಲಿ ತೂತಿನಿಂದ ಬರುವ ಕಳ್ಳಗಾಳಿಯ ಪಾಲು ದೊಡ್ಡದು. ಎಂಜಿನ್ ಜೋರಾಗಿ ಎಳೆಯತೊಡಗಿದರೆ ಅದೇ ತೂತಿನ ಪಾಲು ಲೆಕ್ಕಕ್ಕಿಲ್ಲದಷ್ಟು ಚಿಕ್ಕದಾಗುತ್ತದೆ.

ಇದು ಉಲ್ಟಾ ಇದ್ದರೆ? ಐಡಲ್‌ನಲ್ಲಿ ಸರಿ, ಹೊರೆ ಬಿದ್ದಂತೆ ಟ್ರಿಮ್ ಏರುತ್ತಾ ಹೋಗುತ್ತದೆ ಅನ್ನಿ. ಆಗ ಪೆಟ್ರೋಲ್ ಸಾಕಷ್ಟು ತಲುಪುತ್ತಿಲ್ಲ. ಪಂಪ್ ಸೋತಿದೆಯೋ ಫಿಲ್ಟರ್ ಕಟ್ಟಿದೆಯೋ ನೋಡಬೇಕು. ಇಲ್ಲವೇ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಕೊಳೆಯಾಗಿ ಕಡಿಮೆ ತೋರಿಸುತ್ತಿರಬಹುದು. ಒಂದೇ ಕೋಡ್, ಎರಡು ಬೇರೆ ಬೇರೆ ಕಾಯಿಲೆ. ಬೇರೆ ಮಾಡಿ ತೋರಿಸಿದ್ದು ಎರಡು ಆರ್‌ಪಿಎಂಗಳಲ್ಲಿ ಓದಿದ ಒಂದು ಸಂಖ್ಯೆ.

ಪಿ0420 ಬಗ್ಗೆಯೂ ಎರಡು ಮಾತು, ಯಾಕಂದ್ರೆ ಅದು ಜೇಬಿಗೆ ಭಾರವಾದ ಕೋಡ್. ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಅನುಮಾನ ಅದು. ಕನ್ವರ್ಟರಿನ ಹಿಂದಿನ ಸೆನ್ಸರ್, ಅಂದರೆ ಎರಡನೆಯದು, ಬಿಸಿ ಎಂಜಿನ್ನಿನಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಸುಮಾರು 0.6ರಿಂದ 0.7 ವೋಲ್ಟ್‌ನಲ್ಲಿ ಹೆಚ್ಚು ಅಲುಗಾಡದೆ ನಿಂತಿರಬೇಕು. 0.1ಕ್ಕೂ 0.9ಕ್ಕೂ ನಡುವೆ ಬಿಡದೆ ಓಲಾಡುತ್ತಿದ್ದರೆ ಅನುಮಾನ ನಿಜವಾಗಬಹುದು. ಹಾಗಿದ್ದರೂ ಮೊದಲು ಸೈಲೆನ್ಸರ್ ಪೈಪಿನಲ್ಲಿ ಸೋರಿಕೆ ಇದೆಯಾ, ಮಿಸ್‌ಫೈರ್ ಇದೆಯಾ ನೋಡಿ. ಅದನ್ನು ಸರಿಮಾಡದೆ ಹೊಸ ಕನ್ವರ್ಟರ್ ಹಾಕಿದರೆ ಅದೂ ಹಾಳಾಗುತ್ತದೆ.

ಈಗ ಆ ‘ಕ್ಲಿಯರ್’ ಗುಂಡಿಗೆ ಬರೋಣ. ಅದನ್ನು ಒತ್ತಿದರೆ ಕೋಡ್ ಮಾತ್ರ ಹೋಗುವುದಿಲ್ಲ. ಫ್ರೀಜ್ ಫ್ರೇಮ್ ಹೋಗುತ್ತದೆ. ಕಲಿತ ಟ್ರಿಮ್ ಹಲವು ಕಾರುಗಳಲ್ಲಿ ಸೊನ್ನೆಯಾಗುತ್ತದೆ. ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ‘ರೆಡಿನೆಸ್ ಮಾನಿಟರ್’ಗಳೆಲ್ಲ ‘ಇನ್ನೂ ಮುಗಿದಿಲ್ಲ’ ಅನ್ನುವ ಸ್ಥಿತಿಗೆ ಬರುತ್ತವೆ. ಅವು ಮತ್ತೆ ಪೂರ್ತಿಯಾಗಲು ತಣ್ಣನೆ ಸ್ಟಾರ್ಟ್, ಒಂದಷ್ಟು ಹೊತ್ತು ಒಂದೇ ವೇಗದ ಓಟ ಹೀಗೆ ಷರತ್ತುಗಳಿವೆ. ಪೆಟ್ರೋಲ್ ಆವಿ ಸೋರುತ್ತಿದೆಯಾ ಅಂತ ನೋಡುವ ಇವ್ಯಾಪ್ ಪರೀಕ್ಷೆ ಎಲ್ಲಕ್ಕಿಂತ ಸೋಮಾರಿ. ಟ್ಯಾಂಕ್ ತೀರಾ ಖಾಲಿಯಿದ್ದರೂ ತೀರಾ ತುಂಬಿದ್ದರೂ ಅದು ಶುರುವೇ ಆಗುವುದಿಲ್ಲ. ಇನ್ನು ಕೆಲವು ದೋಷಗಳಿಗೆ ಎರಡು ಬೇರೆ ಬೇರೆ ಓಟಗಳಲ್ಲಿ ತಪ್ಪು ಕಂಡರೆ ಮಾತ್ರ ದೀಪ ಹತ್ತುತ್ತದೆ. ನಿಮ್ಮ ದೀಪ ಕೆಲವು ವಾರ ಸುಮ್ಮನಿದ್ದು ಮತ್ತೆ ಬರುವುದು ಇದರಿಂದಲೇ ಇರಬಹುದು. ದೋಷ ಎಲ್ಲೂ ಹೋಗಿರಲಿಲ್ಲ, ಪರೀಕ್ಷೆ ಮತ್ತೆ ಮುಗಿಯುವವರೆಗೆ ಅಷ್ಟು ದಿನ ಹಿಡಿಯಿತು.

ಈ ನಡುವಿನ ದಿನಗಳಲ್ಲಿ ನೋಡಬೇಕಾದದ್ದು ‘ಪೆಂಡಿಂಗ್’ ಕೋಡ್. ಒಂದು ಸಲ ತಪ್ಪು ಕಂಡಿದೆ, ಖಾತ್ರಿಯಾಗಿಲ್ಲ ಅಂದಾಗ ಕಾರು ಅದನ್ನು ದೀಪ ಹಚ್ಚದೆ ಬದಿಗೆ ಬರೆದಿಟ್ಟುಕೊಳ್ಳುತ್ತದೆ. ದೀಪ ಹತ್ತುವ ಮೊದಲೇ ಸುಳಿವು ಸಿಗುವುದು ಇಲ್ಲಿಂದ. ಗ್ಯಾರೇಜಿಗೆ ಹೋದ ಹೊತ್ತಿಗೆ ಇದನ್ನು ನೋಡುವ ಅವಕಾಶ ಸಿಗುವುದು ಕಷ್ಟ. ದಿನಾ ಕಾರಿನ ಜೊತೆ ಇರುವ ನಿಮಗೆ ಸಿಗುತ್ತದೆ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಹಳೇ ಕಾರು ಕೊಳ್ಳಲು ಹೋಗುವಾಗ ಇದೇ ಅಡಾಪ್ಟರ್ ಜೇಬಿನಲ್ಲಿರಲಿ. ‘ಕೋಡ್ ಅಳಿಸಿದ ಮೇಲೆ ಓಡಿದ ದೂರ’ ಅನ್ನುವ ಒಂದು ಅಳತೆ ಇದೆ. ಅದು 12 ಕಿಲೋಮೀಟರ್ ಅಂತ ತೋರಿಸಿ, ಮಾನಿಟರುಗಳೂ ಅರ್ಧಂಬರ್ಧ ಇದ್ದರೆ ನೀವು ಬರುವ ಸ್ವಲ್ಪ ಮೊದಲು ಯಾರೋ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ. ಮಾರುವವರ ಹತ್ತಿರ ಅದಕ್ಕೆ ಒಳ್ಳೇ ಕಾರಣವೂ ಇರಬಹುದು. ಕೇಳುವುದರಲ್ಲಿ ತಪ್ಪೇನು, ಅಲ್ವಾ?

ಕಾಣದ ವಿಷಯಗಳೂ ಇವೆ. ಎಬಿಎಸ್, ಏರ್‌ಬ್ಯಾಗ್ ದೀಪಕ್ಕೆ ಸಾಮಾನ್ಯ ಆ್ಯಪ್ ಸಾಲದು. ನಿಮ್ಮ ಕಾರಿನ ಕಂಪನಿಗೆ ಅಂತಲೇ ಮಾಡಿದ ಆ್ಯಪ್ ಬೇಕು. ಕೆಲವು ಹೊಸ ಕಾರುಗಳಲ್ಲಿ ಪೋರ್ಟಿಗೂ ಒಳಗಿನ ಜಾಲಕ್ಕೂ ನಡುವೆ ಕಾವಲು ಕೂರಿಸಿದ್ದಾರೆ. ಫಿಯಟ್ ಕ್ರೈಸ್ಲರ್ 2018ರ ಮಾಡೆಲ್‌ಗಳಿಂದ ಇಂಥ ಗೇಟ್‌ವೇ ತಂದಿತು. ಅಲ್ಲಿ ಓದಬಹುದು, ಅನುಮತಿಯಿಲ್ಲದೆ ಅಳಿಸಲು ಬಿಡುವುದಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ ಹೊಗೆಯೇ ಇಲ್ಲ, ಹಾಗಾಗಿ ಈ ಸಾಮಾನ್ಯ ಪಟ್ಟಿಯೂ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ನಿಸಾನ್ ಲೀಫ್‌ಗೆ ಲೀಫ್‌ಸ್ಪೈ ಇರುವ ಹಾಗೆ ಆಯಾ ಕಾರಿಗೆ ಆಯಾ ಆ್ಯಪ್.

ಇನ್ನು ಸದಾ ಚುಚ್ಚಿಡುವ ಪ್ರಶ್ನೆ. ಬೇಡ ಅನ್ನುತ್ತೇನೆ. 16ನೇ ಪಿನ್ನಿನಲ್ಲಿ ಕೀ ತೆಗೆದರೂ ಕರೆಂಟ್ ಇರುತ್ತದೆ ಅಂದೆನಲ್ಲ. ಅಡಾಪ್ಟರ್ 40 ಮಿಲಿಆಂಪ್ ಎಳೆಯುತ್ತದೆ ಅಂತ ಇಟ್ಟುಕೊಂಡರೆ ದಿನಕ್ಕೆ ಸುಮಾರು ಒಂದು ಆಂಪ್ ಅವರ್ ಹೋಯಿತು. 45 ಆಂಪ್ ಅವರ್ ಬ್ಯಾಟರಿಯಲ್ಲಿ ಮೂರು ವಾರಕ್ಕೆ ಹತ್ತಿರ ಹತ್ತಿರ ಅರ್ಧ ಖಾಲಿ. ಕಾರಿನ ಸ್ವಂತ ಖರ್ಚು ಇದಕ್ಕೆ ಸೇರಿಲ್ಲ. ದಿನಾ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಊರಿಗೆ ಹೋಗಿ ತಿಂಗಳು ಬಿಟ್ಟು ಬಂದರೆ ಸ್ಟಾರ್ಟ್ ಆಗುವುದು ಅನುಮಾನ. ತಾನಾಗಿ ನಿದ್ದೆಗೆ ಜಾರುವ ಅಡಾಪ್ಟರುಗಳು ಇವೆ, ಅವು ವಾಸಿ.

ಎರಡನೆಯ ಕಾರಣ ಭದ್ರತೆ. ಪೋರ್ಟ್ ಅಂದರೆ ಕಾರಿನ ನರಮಂಡಲಕ್ಕೇ ಬಾಗಿಲು. 2015ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಈ ಪೋರ್ಟಿಗೆ ಚುಚ್ಚಿದ್ದ ಒಂದು ವಿಮಾ ಡಾಂಗಲ್‌ಗೆ (ವಿಮೆಗಾಗಿ ಓಟದ ಲೆಕ್ಕ ಇಡುವ ಪುಟ್ಟ ಸಾಧನಕ್ಕೆ) ಎಸ್‌ಎಂಎಸ್ ಕಳಿಸಿ ಕಾರ್ವೆಟ್ ಕಾರಿನ ಬ್ರೇಕನ್ನೇ ನಿಷ್ಕ್ರಿಯ ಮಾಡಿ ತೋರಿಸಿದರು. ಅದು ಸಿಮ್ ಇದ್ದ ಡಾಂಗಲ್. ನಿಮ್ಮ ಬ್ಲೂಟೂತ್ ಅಡಾಪ್ಟರಿಗೆ ಅಷ್ಟು ದೂರದಿಂದ ಕೈ ಹಾಕಲು ಆಗುವುದಿಲ್ಲ. ಆದರೂ ಪಕ್ಕದಲ್ಲಿ ನಿಂತವರು 1234 ಒತ್ತಿ ಸೇರಬಹುದಾದ, ಅಥವಾ ಪಾಸ್‌ವರ್ಡೇ ಇಲ್ಲದ ವೈ-ಫೈ ಸಾಧನವನ್ನು ಹಗಲು ರಾತ್ರಿ ಬಿಟ್ಟಿರುವುದು ಯಾಕೆ? ಜೋಡಿಸಲು ಗುಂಡಿ ಒತ್ತಲೇಬೇಕಾದ ಅಡಾಪ್ಟರ್ ಇದ್ದರೆ ಅಷ್ಟು ಭಯವಿಲ್ಲ. ಮೂರನೆಯದು ತೀರಾ ಸಾಮಾನ್ಯ ವಿಷಯ: ಅದು ಹೊರಚಾಚಿಕೊಂಡಿರುತ್ತದೆ, ಹತ್ತಿ ಇಳಿಯುವಾಗ ಮೊಣಕಾಲು ಬಡಿದು ಸಾಕೆಟ್ಟೇ ಸಡಿಲವಾಗಬಹುದು.

ಓಡಿಸುವಾಗ ಪರದೆ ನೋಡಬೇಡಿ. ಹೆಚ್ಚಿನ ಆ್ಯಪ್‌ಗಳಲ್ಲಿ ದಾಖಲೆ ಮಾಡುವ ಸೌಲಭ್ಯ ಇರುತ್ತದೆ. ಅದನ್ನು ಶುರುಮಾಡಿ, ಫೋನ್ ಬದಿಗಿಟ್ಟು ಓಡಿಸಿ. ಮನೆಗೆ ಬಂದು ಟ್ಯಾಬ್ಲೆಟ್‌ನಲ್ಲಿ ಗ್ರಾಫ್ ನೋಡಿ. ದೊಡ್ಡ ಪರದೆಯ ಉಪಯೋಗ ಅಲ್ಲಿ ಚೆನ್ನಾಗಿ ಆಗುತ್ತದೆ.

ನಿಮ್ಮ ಕಾರಿಗೆ ಈಗ ಇಷ್ಟು ಮಾಡಿ. ಮುಂದಿನ ಸಲ ದೀಪ ಹತ್ತಿದಾಗ ಕೋಡ್, ಫ್ರೀಜ್ ಫ್ರೇಮ್, ಪೆಂಡಿಂಗ್ ಕೋಡ್, ಮಾನಿಟರುಗಳ ಪಟ್ಟಿ, ಅಳಿಸಿದ ಮೇಲೆ ಓಡಿದ ದೂರ ಈ ಐದರ ಸ್ಕ್ರೀನ್‌ಶಾಟ್ ತೆಗೆದಿಡಿ. ಬಿಸಿ ಎಂಜಿನ್ನಿನಲ್ಲಿ ಐಡಲ್ ಮತ್ತು 2500 ಆರ್‌ಪಿಎಂ ಎರಡರಲ್ಲೂ ಟ್ರಿಮ್ ಬರೆದುಕೊಳ್ಳಿ. ಗ್ಯಾರೇಜಿನಲ್ಲಿ ಅವನ್ನು ತೋರಿಸಿ, ಕಾರಣ ಹುಡುಕುವ ಮೊದಲು ಅಳಿಸಬೇಡಿ ಅಂತ ಹೇಳಿ. ಅವರು ಏನಾದರೂ ಬದಲಿಸಿದರೆ ಅದೇ ಎರಡು ಆರ್‌ಪಿಎಂನಲ್ಲಿ ಟ್ರಿಮ್ ಮತ್ತೆ ಓದಿ. ಮೊದಲು ಹತ್ತು ದಾಟಿದ್ದ ಸಂಖ್ಯೆ ಸೊನ್ನೆಯ ಕಡೆ ಬರದಿದ್ದರೆ ಬದಲಿಸಿದ್ದು ತಪ್ಪು ಭಾಗ ಇರಬಹುದು. ಕೋಡ್ ಏನು ಬಂತು ಅಂತ ಫ್ರೀಜ್ ಫ್ರೇಮ್ ಸಮೇತ ಬರೆದು ಕಳಿಸಿ, ಎಂಜಿನ್ ಯಾವುದು, ಎಷ್ಟು ಕಿಲೋಮೀಟರ್ ಓಡಿದೆ ಅನ್ನುವುದನ್ನೂ ಸೇರಿಸಿ. ಅಲ್ಲಿಂದ ಮುಂದೆ ನೋಡೋಣ.